ಅಶಾಂಟಿ ಕ್ವಾಮಿಯ ಮನೆಗೆ ಹಿರಿಯರು ಬಂದದ್ದು

ಘಾನಾದ ನಮ್ಮ ಅಗೋವೆ ಊರಿನಲ್ಲಿ ಒಬ್ಬನನ್ನು ಅಶಾಂಟಿ ಎಂದು ಕರೆದರೆ ಅದು ಬೈಗುಳವಲ್ಲ, ಆದರೆ ಮುದ್ದಿನ ಮಾತೂ ಅಲ್ಲ. ನೇಕಾರ ಕ್ವಾಮಿ ಆಂಪೊನ್ಸಾನನ್ನು ಊರು ಕರೆಯುತ್ತಿದ್ದುದೇ ಹಾಗೆ, ಅಶಾಂಟಿ ಕ್ವಾಮಿ ಎಂದು. ಅವನ ಅಪ್ಪನ ಊರು ಅಶಾಂಟಿಗಳ ರಾಜಧಾನಿ ಕುಮಾಸಿಯ ಆಚೆಗಿನ ಅಬೊನ್ಸು. ಅಲ್ಲಿ ಅವನಿಗೆ ಅಯಿಗ್ಬೆಯವಳ ಮಗ ಎಂಬ ಹೆಸರಿತ್ತು. ಅಯಿಗ್ಬೆ ಎಂದರೆ ನಾವೇ, ವೋಲ್ಟಾ ನದಿಯ ಈಚೆಯ ಎವೆ ಜನ. ಆ ಮಾತನ್ನು ಆಡುವಾಗ ಅಶಾಂಟಿಗಳ ಮೂಗು ಸ್ವಲ್ಪ ಮೇಲೇರುತ್ತದೆ. ಅವರ ಹೆಸರೆತ್ತುವಾಗ ನಮ್ಮ ಮೂಗೂ ಇದ್ದಲ್ಲಿ ಇರುವುದಿಲ್ಲ.

ಎರಡು ಸೀಮೆಗೂ ಜಗಳ ಕೆಂಟೆ ಬಟ್ಟೆಯದು. ಅಂಗೈ ಅಗಲದ ಪಟ್ಟಿಗಳನ್ನು ನೇಯ್ದು, ಅವನ್ನು ಅಂಚಿಗೆ ಅಂಚು ಸೇರಿಸಿ ಹೊಲಿದು ಮಾಡುವ ಈ ಬಟ್ಟೆ ಈಗ ಲೋಕಕ್ಕೆಲ್ಲ ಗೊತ್ತು. ಅಮೆರಿಕದ ಹುಡುಗರು ಕಾಲೇಜು ಮುಗಿಸಿದ ದಿನ ಅದನ್ನು ಕುತ್ತಿಗೆಗೆ ಹಾಕಿಕೊಳ್ಳುತ್ತಾರೆ. ಬಲೆ ಕಟ್ಟುವ ಜೇಡವನ್ನು ನೋಡಿ ತಮ್ಮ ಬೇಟೆಗಾರರಿಬ್ಬರು ಇದನ್ನು ಕಲಿತರು ಎಂದು ಅಶಾಂಟಿಗಳು ಹೇಳುತ್ತಾರೆ. ಯುದ್ಧದಲ್ಲಿ ಅವರು ಹಿಡಿದುಕೊಂಡು ಹೋದ ನಮ್ಮ ನೇಕಾರನೇ ಅವರಿಗೆ ಕಲಿಸಿದ ಎಂದು ನಾವು ಹೇಳುತ್ತೇವೆ. ನಾನು ಅಕ್ರಾದ ಸಂತೆಯಲ್ಲಿ ಬಟ್ಟೆ ಮಾರುವವಳು. ಕೊಳ್ಳಲು ಬಂದವನು ಕುಮಾಸಿಯವನಾದರೆ ಜೇಡದ ಕಥೆ ಹೇಳುತ್ತೇನೆ, ನಮ್ಮ ಕಡೆಯವನಾದರೆ ಸೆರೆಯಾಳಿನ ಕಥೆ. ಬಿಳಿಯರಿಗೆ ಪುರುಸೊತ್ತಿದ್ದರೆ ಎರಡನ್ನೂ ಹೇಳುತ್ತೇನೆ. ಹೊಟ್ಟೆಪಾಡಿನವಳಿಗೆ ಚರಿತ್ರೆ ಯಾವುದಾದರೇನು.

ಕ್ವಾಮಿಯ ಕಷ್ಟ ಮಾತ್ರ ಬಟ್ಟೆಗಿಂತ ಹಿಂದಿನದು. ಅಶಾಂಟಿಗಳದು ಅಳಿಯಸಂತಾನ, ಮಗು ತಾಯಿಯ ಕುಲಕ್ಕೆ ಸೇರುತ್ತದೆ. ನಮ್ಮಲ್ಲಿ ಅಪ್ಪನ ಕುಲಕ್ಕೆ. ತಾಯಿ ಅಶಾಂಟಿಯಾಗಿ ಅಪ್ಪ ನಮ್ಮವನಾದರೆ ಆ ಮಗು ಪುಣ್ಯ ಮಾಡಿದ್ದು, ಅದಕ್ಕೆ ಎರಡು ಕುಲ, ಹಬ್ಬಕ್ಕೆ ಎರಡು ಕಡೆ ಊಟ. ಕ್ವಾಮಿಯದು ತಿರುಗುಮುರುಗು. ಅಪ್ಪ ಅಶಾಂಟಿ, ತಾಯಿ ನಮ್ಮ ಅಗೋವೆಯ ಅಬ್ರಾ. ಅಲ್ಲಿಯ ಲೆಕ್ಕದಲ್ಲಿ ಅವನು ತಾಯಿಯ ಕಡೆಯವನು, ಇಲ್ಲಿಯ ಲೆಕ್ಕದಲ್ಲಿ ಅಪ್ಪನ ಕಡೆಯವನು. ಎರಡೂ ಕಡೆಯವರು ತಮ್ಮ ತಮ್ಮ ಕಾನೂನಿನ ಪ್ರಕಾರ ಅವನನ್ನು ಇನ್ನೊಬ್ಬರ ಮನೆಗೆ ಕಳಿಸುತ್ತಿದ್ದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ತಮಾಷೆ.

ಅಪ್ಪ ಬದುಕಿರುವವರೆಗೆ ಇದರ ಬಿಸಿ ತಟ್ಟಲಿಲ್ಲ. ಅಬೊನ್ಸುವಿನಲ್ಲಿ ಅಪ್ಪನ ಮಗ್ಗದ ಪಕ್ಕದಲ್ಲೇ ಒಂದು ಪುಟ್ಟ ಮಗ್ಗ ಹೂಡಿಕೊಂಡು ಕ್ವಾಮಿ ಕೆಲಸ ಕಲಿತ. ಅಡ್ಡನೂಲನ್ನು ಒತ್ತಾಗಿ ಬಡಿದು ಕೂರಿಸಿ, ಚೌಕ ಚೌಕವಾಗಿ ನೇಯುವುದು ಅಲ್ಲಿಯ ರೀತಿ. ಅಪ್ಪ ಸತ್ತ ಮೇಲೆ ಮನೆ, ಕೋಕೋ ತೋಟ, ಮಗ್ಗ ಎಲ್ಲವೂ ಅಪ್ಪನ ಅಕ್ಕನ ಮಗ ಒಡುರೊನ ಪಾಲಾಯಿತು. ಒಡುರೊ ಕೆಟ್ಟವನಲ್ಲ. ಅತ್ತೆಗೆ ಬಸ್ಸಿನ ಖರ್ಚು ಕೊಟ್ಟು, ಒಂದು ಗೊನೆ ಬಾಳೆಕಾಯಿ ಹೊರಿಸಿ ಕಳಿಸಿದ. ಅಬ್ರಾ ಮಗನನ್ನು ಕರೆದುಕೊಂಡು ತವರಿಗೆ ಬಂದಳು.

ಇಲ್ಲಿ ಅವಳ ತಮ್ಮ ಅಗ್ಬೆಕೊ ಹುಡುಗನನ್ನು ತನ್ನ ಮಗ್ಗಕ್ಕೆ ಕೂರಿಸಿದ. ನಮ್ಮದು ಬೇರೆ ರೀತಿ. ನಾವು ಬಟ್ಟೆಯಲ್ಲಿ ಹಕ್ಕಿ, ಮೀನು, ಕೈ, ಕುರ್ಚಿ, ಓತಿಕ್ಯಾತ ಏನನ್ನು ಬೇಕಾದರೂ ನೇಯುತ್ತೇವೆ, ಎರಡು ಬಣ್ಣದ ನೂಲನ್ನು ಹೊಸೆದು ಒಂದು ಮಾಡುತ್ತೇವೆ. ಕ್ವಾಮಿ ಅದನ್ನೂ ಕಲಿತ. ಕಲಿತದ್ದನ್ನು ಬೇರೆ ಬೇರೆ ಇಡಲು ಅವನಿಗೆ ಬರಲಿಲ್ಲ. ಅಪ್ಪನ ಚೌಕದ ನಡುವೆ ಮಾವನ ಮೀನನ್ನು ಕೂರಿಸಿದ. ಊರಿನ ನೇಕಾರರು ಅದನ್ನು ನೋಡಿ, ಮೀನಿಗೆ ಪಂಜರ ಕಟ್ಟಿದ್ದಾನೆ ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಆ ಬಟ್ಟೆ ಅಕ್ರಾದಲ್ಲಿ ಹೋದ ವೇಗ ನೋಡಿ, ನೀನು ನೇಯ್ದದ್ದನ್ನೆಲ್ಲ ನನಗೇ ಕೊಡಬೇಕು ಎಂದು ಮಾತು ತೆಗೆದುಕೊಂಡೆ. ಕ್ವಾಮಿ ಹೂಂ ಎಂದ.

ಅವನು ಎಲ್ಲರಿಗೂ ಹೂಂ ಎನ್ನುವವನು. ಈ ಬಟ್ಟೆ ಅಶಾಂಟಿಯದಲ್ಲವೇ ಎಂದರೆ ಹೂಂ, ಎವೆಯದಲ್ಲವೇ ಎಂದರೆ ಹೂಂ. ತಾಯಿ, ಮಾವ ಇಬ್ಬರೂ ತೀರಿಕೊಂಡ ಮೇಲೆ ಬಾಡಿಗೆಗೆ ಹಿಡಿದ ಜಾಗದಲ್ಲಿ ಒಂದು ಮನೆ ಕಟ್ಟಿಕೊಂಡ, ಗಡಿಯಾಚೆಯ ಟೋಗೋ ಕಡೆಯ ಎಸಿನಮ್‌ಳನ್ನು ಮದುವೆಯಾದ. ಒಬ್ಬಳೇ ಮಗಳು, ಸೆಫಾಕೊ. ಊರಿನ ಯಾವ ಪಂಚಾಯಿತಿಗೂ ಅವನನ್ನು ಕರೆಯುತ್ತಿರಲಿಲ್ಲ. ಸಾವಿನ ಮನೆಗಳಲ್ಲಿ ಕುಲ ಕುಲದವರು ಗುಂಪಾಗಿ ಕೂರುವಾಗ ಅವನು ಬ್ಯಾಂಡಿನವರ ಹತ್ತಿರ ಕುರ್ಚಿ ಹಾಕಿಕೊಳ್ಳುತ್ತಿದ್ದ. ಅದಕ್ಕೆ ಬೇಜಾರು ಪಟ್ಟುಕೊಂಡದ್ದನ್ನು ನಾನು ಕಾಣೆ. ಅವನ ಪರವಾಗಿ ನನಗೇ ಮೈ ಉರಿಯುತ್ತಿತ್ತು.

ಬೇಜಾರು ಬಂದದ್ದು ಸೆಫಾಕೊ ಮದುವೆಗೆ ನಿಂತಾಗ.

ಹುಡುಗ ಸಮುದ್ರದ ದಂಡೆಯ ಕೆಟಾ ಊರಿನವನು, ಶಾಲೆಯ ಮೇಷ್ಟರು. ಅವನ ಸೋದರತ್ತೆ ಒಬ್ಬಳಿದ್ದಾಳೆ, ಒಣಮೀನಿನ ದೊಡ್ಡ ವ್ಯಾಪಾರ, ದೊಡ್ಡ ಮೈ, ಇನ್ನೂ ದೊಡ್ಡ ಗಂಟಲು. ನಮ್ಮಲ್ಲಿ ಹುಡುಗನ ಮನೆಯವರು ಮೊದಲು ಬಾಗಿಲು ತಟ್ಟುವ ಶಾಸ್ತ್ರಕ್ಕೆ ಮದ್ಯದ ಬಾಟಲಿ ಹಿಡಿದು ಬರುತ್ತಾರೆ. ಹುಡುಗಿಯ ಅಪ್ಪನ ಕುಲದ ಹಿರಿಯ ಕುರ್ಚಿಯಲ್ಲಿ ಕೂತು ಅದನ್ನು ತೆಗೆದುಕೊಳ್ಳಬೇಕು. ಅಪ್ಪ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಾನೆ. ನಾಳೆ ಗಂಡ ಹೊಡೆದರೆ, ಬಿಟ್ಟರೆ, ಆ ಹಿರಿಯನ ಮನೆಯೇ ಹುಡುಗಿಯ ಹಿಂದೆ ನಿಲ್ಲಬೇಕು, ಬಾಟಲಿ ಹಿಂತಿರುಗಿಸಬೇಕು. ಹಿರಿಯನಿಲ್ಲದೆ ಕೊಟ್ಟ ಹುಡುಗಿಯನ್ನು ದಾರಿಯಲ್ಲಿ ಸಿಕ್ಕವಳೆಂದೇ ಲೆಕ್ಕ.

ಅತ್ತೆ ಮೊದಲ ಸಲ ಮಾತಾಡಲು ಬಂದಾಗಲೇ ಕೇಳಿದಳು. “ಹುಡುಗಿ ಚೆನ್ನಾಗಿದ್ದಾಳೆ, ನಂಗೆ ಒಪ್ಪಿಗೆ. ಯಾರ ಬಾಗಿಲು ತಟ್ಬೇಕು, ಅಷ್ಟು ಹೇಳಿ.”

ಕ್ವಾಮಿ ನನ್ನ ಮುಖ ನೋಡಿದ. ನಾನು ಎಸಿನಮ್ ಮುಖ ನೋಡಿದೆ.

“ನನ್ನ ಅಣ್ಣಂದಿರು ಬರ್ತಾರೆ, ಬೇಕಾದ್ರೆ,” ಎಂದಳು ಎಸಿನಮ್.

“ತಾಯಿ ಕಡೆಯೋರು ಬಾಟ್ಲಿ ತಗೊಂಡ್ರೆ ಹುಡುಗಿಗೆ ಅಪ್ಪ ಇಲ್ಲ ಅಂದ ಹಾಗಾಯ್ತು,” ಎಂದಳು ಅತ್ತೆ. “ಅಪ್ಪ ಇಲ್ಲೇ ಕೂತಿದ್ದಾರಲ್ಲಮ್ಮ, ಕಣ್ಣು ಮಿಟುಕಿಸ್ತಾ. ಹಿರಿಯರನ್ನ ಹುಡುಕಿಕೊಳ್ಳಿ, ನಾನು ಕಾಯ್ತೀನಿ. ತೀರಾ ತಡ ಮಾಡ್ಬೇಡಿ, ನಮ್ಮ ಹುಡುಗನಿಗೆ ಬೇರೆ ಕಡೆಯಿಂದಲೂ ಕೇಳ್ತಿದ್ದಾರೆ.”

ಕ್ವಾಮಿ ಒಂದು ಬಾಟಲಿ ಶ್ನಾಪ್ಸ್ ಮದ್ಯ ತೆಗೆದುಕೊಂಡು ತಾಯಿಯ ಕುಲದ ಹಿರಿಯ ತೊಗ್ಬೆ ಡೊಟ್ಸೆಯ ಮನೆಗೆ ಹೋದ. ತೊಗ್ಬೆ ಎಂದರೆ ಅಜ್ಜ, ನಮ್ಮಲ್ಲಿ ಹಿರಿಯರನ್ನು ಕರೆಯುವುದೇ ಹಾಗೆ. ಜೊತೆಗೆ ನಾನು. ಮಾತು ಬೇಕಾದಲ್ಲೆಲ್ಲ ಊರು ನನ್ನನ್ನು ಕರೆಯುತ್ತದೆ, ಸಂತೆಯಲ್ಲಿ ಗಂಟಲು ಪಳಗಿದೆಯಲ್ಲ. ತೊಗ್ಬೆ ಬಾಟಲಿಯನ್ನು ಮುಟ್ಟಲಿಲ್ಲ. ನಮ್ಮಲ್ಲಿ ಮುಟ್ಟಿದರೆ, ಕುಡಿದರೆ, ಕೇಳಿದ್ದಕ್ಕೆ ಒಪ್ಪಿದ ಹಾಗೆ.

“ನೀನು ನಮ್ಮ ಹುಡುಗಿ ಹೆತ್ತ ಮಗ, ಇಲ್ಲ ಅನ್ನಲ್ಲ,” ಎಂದ. “ಆದ್ರೆ ಹುಡುಗಿ ಹೆತ್ತದ್ದು ಕೊಟ್ಟ ಮನೆದು ಕಣಪ್ಪ. ಇವತ್ತು ನಾನು ಇದನ್ನ ತಗೊಂಡ್ರೆ, ನಾಳೆ ನಿನ್ನ ಮಗ ಬಂದು ಜಮೀನಲ್ಲಿ ಭಾಗ ಕೇಳ್ತಾನೆ.”

“ನಂಗೆ ಮಗ ಇಲ್ವಲ್ಲ ತೊಗ್ಬೆ.”

“ಹುಟ್ಟಲ್ಲ ಅಂತ ಬರೆದು ಕೊಟ್ಟಿದ್ದಾರಾ?”

ಎಸಿನಮ್‌ಗೆ ಐವತ್ತು ದಾಟಿದೆ ಎಂದು ನಾನು ನೆನಪಿಸಿದೆ. ತೊಗ್ಬೆಗೆ ಬೇಡದ ಮಾತು ಕೇಳಿಸುವುದಿಲ್ಲ. “ಅಪ್ಪನ ಕಡೆಗೆ ಹೋಗು,” ಎಂದು ನಮ್ಮನ್ನು ಕಳಿಸಿದ.

ಅಬೊನ್ಸುವಿಗೂ ಹೋದೆವು. ಒಡುರೊ ಈಗ ಅಲ್ಲಿಯ ಮನೆತನದ ಯಜಮಾನ, ಈಗ ಎಲ್ಲರೂ ಗೌರವದಿಂದ ಕರೆಯುವುದು ನಾನಾ ಒಡುರೊ ಎಂದು. ಮಾಂಸದ ಸಾರು, ಫುಫು ಮುದ್ದೆ, ಉಪಚಾರಕ್ಕೇನೂ ಕಡಿಮೆ ಮಾಡಲಿಲ್ಲ. ಊರಿನವರು ಪ್ರವಾಸಿಗಳಿಗೆಂದು ಕಟ್ಟಿಸಿದ ನೇಯ್ಗೆ ಮನೆಯನ್ನು ತೋರಿಸಿದ, ಕೆಂಟೆ ಹುಟ್ಟಿದ್ದು ಇಲ್ಲೇ ಎಂದು ಅದರ ಮುಂದೆ ಆಳೆತ್ತರದ ಬೋರ್ಡು. ಒಳಗೆ ನೋಡುವವರಿಗಾಗಿ ಇಟ್ಟಿದ್ದ ಹಳೆಯ ಮಗ್ಗ ಕ್ವಾಮಿಯ ಅಪ್ಪನದು. ಕ್ವಾಮಿ ಅದರ ಹಲಗೆಯ ಮೇಲೆ ಕೈಯಿಟ್ಟ. ಮುಟ್ಟಬಾರದು ಎಂದು ಕಾವಲಿನವನು ಹೇಳಿದ. ಒಡುರೊ ಅವನನ್ನು ಗದರಿದ, ಆದರೆ ಆ ಮಾತು ಆಗಲೇ ಬಂದಾಗಿತ್ತು.

“ನೋಡು ಭಾವ, ನಮ್ಮಲ್ಲಿ ಅಪ್ಪ ಕೊಡೋದು ಹೆಸರು,” ಎಂದ ಒಡುರೊ. “ಆಂಪೊನ್ಸಾ ಅಂತ ಕೊಟ್ಟಿದ್ದಾನೆ, ಒಳ್ಳೆ ಹೆಸರು. ಕುಲ ಕೊಡೋದು ತಾಯಿ. ನಿನ್ನ ತಾಯಿ ಆ ಕಡೆಯೋಳಾದ್ರೆ ನಾನೇನ್ ಮಾಡ್ಲಿ? ನಾನು ಬಂದು ನಿಮ್ಮೂರಲ್ಲಿ ಕುರ್ಚಿ ಮೇಲೆ ಕೂತ್ರೆ ಇಲ್ಲಿ ನನ್ನ ಅಕ್ಕತಂಗಿಯರು ಸುಮ್ನಿರ್ತಾರಾ?”

ಬಾಟಲಿ ಮತ್ತೆ ನಮ್ಮ ಜೊತೆಗೇ ಬಸ್ಸು ಹತ್ತಿತು. ದಾರಿಯುದ್ದಕ್ಕೂ ಕ್ವಾಮಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಅಕ್ರಾ ದಾಟಿದ ಮೇಲೆ ಒಂದೇ ಮಾತು ಹೇಳಿದ. “ನಂದು ಹೇಗೋ ನಡೀತು, ಅಕು. ಅವಳದ್ದೂ ಹಾಗೇ ನಡೀಬೇಕಾ?”  

ಕೆಟಾದ ಅತ್ತೆಗೆ ಒಂದು ಸಲ ಯಾಮ್ ಗೆಡ್ಡೆಯ ಕೊಯ್ಲು ಎಂದೆವು, ಇನ್ನೊಂದು ಸಲ ಯಾರದೋ ಸಾವು ಎಂದೆವು. ಅವಳು ಫೋನಿನಲ್ಲಿ ಹೂಂ ಹೂಂ ಎನ್ನುವ ಧಾಟಿ ಸಲದಿಂದ ಸಲಕ್ಕೆ ಗಟ್ಟಿಯಾಗುತ್ತ ಹೋಯಿತು. ಸೆಫಾಕೊ ಅಪ್ಪನೆದುರು ಏನನ್ನೂ ಕೇಳುತ್ತಿರಲಿಲ್ಲ. ನನ್ನ ಹತ್ತಿರ ಮಾತ್ರ ಒಮ್ಮೆ, “ಚಿಕ್ಕಮ್ಮ, ಅವರು ಇನ್ನೆಷ್ಟು ದಿನ ಕಾಯ್ತಾರೆ?” ಎಂದು ಕೇಳಿದಳು.

ಅಷ್ಟರಲ್ಲಿ ಈ ಲೋಕಪ್ರಸಿದ್ಧಿ ಎಂಬುದು ಬಂತು. ಹಿಂದೆ ಯಾವಾಗಲೋ ನಾನು ಒಬ್ಬ ಬಿಳಿ ಹೆಂಗಸಿಗೆ ಕ್ವಾಮಿಯ ಮೀನಿನ ಬಟ್ಟೆಯೊಂದನ್ನು ಮಾರಿದ್ದೆ. ನೇಯ್ದವನ ಹೆಸರು ಕೇಳಿದ್ದಳು, ಹೇಳಿದ್ದೆ. ಅವಳು ಕಡಲಾಚೆಯ ದೊಡ್ಡ ವಸ್ತುಸಂಗ್ರಹಾಲಯದವಳಂತೆ. ಆ ಬಟ್ಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ಘಾನಾದ ನೇಕಾರ ಕ್ವಾಮಿ ಆಂಪೊನ್ಸಾ ಎಂದು ಬರೆದರು. ಅದರ ಚಿತ್ರ ಫೋನಿಂದ ಫೋನಿಗೆ ಹಾರಿ ನಮ್ಮೂರಿಗೂ ಬಂತು.

ಮರುದಿನ ಬೆಳಿಗ್ಗೆಯೇ ಕುಮಾಸಿಯ ರೇಡಿಯೋದವನು ಶುರುಮಾಡಿದ. “ಆಂಪೊನ್ಸಾ ಅನ್ನೋ ಹೆಸರು ಎಲ್ಲಿಯದು ಸ್ವಾಮಿ? ಹೆಸರೇ ಹೇಳ್ತಾ ಇದೆ, ನಮ್ಮ ಅಬೊನ್ಸುವಿನ ಕುಡಿ. ಬಟ್ಟೆ ಯಾರದು ಅನ್ನೋ ಜಗಳ ಇವತ್ತಿಗೆ ಮುಗೀತು.” ನಮ್ಮ ಕಡೆಯ ರೇಡಿಯೋದವನು ಮಧ್ಯಾಹ್ನಕ್ಕೆ ಉತ್ತರ ಕೊಟ್ಟ. “ಕುಮಾಸಿ ಅಣ್ಣಂದಿರೇ, ಕನ್ನಡಕ ಹಾಕ್ಕೊಂಡು ನೋಡಿ. ಬಟ್ಟೇಲಿ ಮೀನಿದೆ. ನಿಮ್ಮ ಕಾಡಲ್ಲಿ ಮೀನು ಮರದ ಮೇಲೆ ಬಿಡುತ್ತಾ?” ಜನ ಎರಡೂ ಕಡೆಯಿಂದ ಫೋನು ಮಾಡಿ ಬೈದಾಡಿದರು. ಕ್ವಾಮಿಯನ್ನು ಸಾವಿನ ಮನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳದವರು ರೇಡಿಯೋದಲ್ಲಿ ಅವನನ್ನು ತಮ್ಮ ರಕ್ತ ಎಂದರು. ಕ್ವಾಮಿ ನೇಯುತ್ತ ಇದನ್ನೆಲ್ಲ ಕೇಳಿದ, ಆಮೇಲೆ ಬ್ಯಾಟರಿ ತೆಗೆದ.

ಅದರ ಹಿಂದೆಯೇ ಇನ್ನೊಂದು ಸುದ್ದಿ. ಸಂಗ್ರಹಾಲಯದವರು ನೇಕಾರ ಹುಟ್ಟಿದ ಮನೆತನದ ಊರಿನಲ್ಲೇ ಅವನ ಚಿತ್ರ ತೆಗೆಯಲು ಬರುತ್ತಾರಂತೆ, ಯಾವ ಊರು ತಿಳಿಸಿ ಎಂದು ಕೇಳಿದ್ದಾರಂತೆ. ಆ ಚಿತ್ರದಲ್ಲಿ ಯಾವ ಊರು ಬರುತ್ತದೋ ಪ್ರವಾಸಿಗಳ ಬಸ್ಸು ಆ ಊರಿಗೆ. ಅಬೊನ್ಸುವಿನ ನೇಯ್ಗೆ ಮನೆ ಆಗಲೇ ಎದ್ದು ನಿಂತಿತ್ತು. ನಮ್ಮ ಊರಿನದು ತಳಪಾಯ ಮತ್ತು ಬೋರ್ಡು ಮಾತ್ರ, ಬೋರ್ಡು ಅವರದಕ್ಕಿಂತ ಒಂದು ಮೊಳ ಎತ್ತರ.

ಮೊದಲು ಬಂದವನು ತೊಗ್ಬೆ ಡೊಟ್ಸೆ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಮನೆ ಹೇಗಿದೆ, ಮಕ್ಕಳು ಹೇಗಿದ್ದಾರೆ, ಕೋಳಿ ಹೇಗಿವೆ ಎಂದು ಉದ್ದಕ್ಕೆ ಕ್ಷೇಮ ಕೇಳಿದ. ಕೈಯಲ್ಲಿ ಬಾಟಲಿ. “ನಮ್ಮ ಹುಡುಗಿ ಹೆತ್ತದ್ದು ನಮ್ಮದಲ್ಲದೆ ಇನ್ಯಾರದು,” ಎಂದ. “ಶಾಸ್ತ್ರದ ದಿನ ಗೊತ್ತು ಮಾಡು. ಕುರ್ಚಿ ಮೇಲೆ ನಾನು ಕೂರ್ತೀನಿ. ಚಿತ್ರದೋರಿಗೆ ಮಾತ್ರ ಅಗೋವೆ ಅಂತ ಹೇಳು.” ಕ್ವಾಮಿ ಹೂಂ ಎಂದ. ಇಬ್ಬರೂ ಕುಡಿದರು. ಕೆಟಾಕ್ಕೆ ಫೋನು ಹೋಯಿತು, ಶನಿವಾರ ಗೊತ್ತಾಯಿತು. ಎಸಿನಮ್ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ.

ಎರಡು ದಿನ ಬಿಟ್ಟು ಕುಮಾಸಿಯ ನಂಬರಿನ ಕಾರು ಬಂತು. ನಾನಾ ಒಡುರೊ ಇಳಿದ, ಡಿಕ್ಕಿಯಿಂದ ಒಂದು ಮೇಕೆ ಇಳಿಯಿತು, ಆಮೇಲೆ ಬಾಟಲಿ. “ಅಪ್ಪನ ಹೆಸರು ಹೊತ್ತವನನ್ನ ಅಪ್ಪನ ಮನೆ ಬಿಟ್ಟುಕೊಡುತ್ತಾ, ಭಾವ? ಅಕ್ಕತಂಗಿಯರನ್ನ ಒಪ್ಪಿಸಿದ್ದೀನಿ. ಕುರ್ಚಿ ಮೇಲೆ ನಾನು ಕೂರ್ತೀನಿ.” ಕ್ವಾಮಿ ಅದನ್ನೂ ಕುಡಿದ.

ಸುದ್ದಿ ಕೇಳಿ ನಾನು ಓಡಿ ಬಂದೆ. “ಇಬ್ಬರ ಬಾಟ್ಲಿನೂ ಕುಡಿದ್ಯಾ?”

“ಹಿರಿಯರು ಮನೆ ಬಾಗಿಲಿಗೆ ಬಂದಿದ್ದಾರೆ, ಅಕು. ಬೇಡ ಅನ್ನೋಕಾಗುತ್ತಾ?”

“ಒಂದು ಕುರ್ಚಿಗೆ ಇಬ್ಬರನ್ನ ಒಪ್ಕೊಂಡಿದ್ದೀಯಲ್ಲೋ, ಪುಣ್ಯಾತ್ಮ.”

“ಇವರು ಯಾರಿಗೆ ಇಲ್ಲ ಅಂದಿದ್ದಾರೆ ಹೇಳು,” ಎಂದಳು ಎಸಿನಮ್. “ನನ್ನ ಮದುವೆ ಆದದ್ದೂ ಹೀಗೇ. ನಮ್ಮಣ್ಣ ಕೇಳ್ದ, ಇವರು ಹೂಂ ಅಂದ್ರು.”

“ಹಿರಿಯರು ಒಬ್ಬರಾದ್ರೂ ಬರ್ಲಿ ಅಂತ,” ಎಂದ ಕ್ವಾಮಿ, ನೆಲ ನೋಡುತ್ತ. “ಒಬ್ಬರು ಕೈ ಕೊಟ್ರೆ ಇನ್ನೊಬ್ಬರು ಇರ್ತಾರಲ್ಲ.” ಅದನ್ನು ಕೇಳಿದ ಮೇಲೆ ನನಗೆ ಬೈಯಲು ಮನಸ್ಸಾಗಲಿಲ್ಲ. ಜೀವಮಾನವೆಲ್ಲ ಯಾರೂ ಬಾರದವನು ಇಬ್ಬರೂ ಬಂದಾರು ಎಂದು ಹೇಗೆ ಎಣಿಸಿಯಾನು.

ಶನಿವಾರ ಇಬ್ಬರೂ ಬಂದರು. ತೊಗ್ಬೆ ಡೊಟ್ಸೆ ಬಿಸಿಲೇರುವ ಮೊದಲೇ ಬಂದು, ಮಾವಿನ ಮರದಡಿ ಇಟ್ಟಿದ್ದ ಕೈಯಿರುವ ಕುರ್ಚಿಯಲ್ಲಿ ಕೂತುಬಿಟ್ಟ. ಕೆಟಾದವರು ವ್ಯಾನಿನಲ್ಲಿ ಬಂದು ಎದುರು ಬೆಂಚುಗಳಲ್ಲಿ ಕೂತರು, ಬಾಟಲಿಗಳನ್ನು ನಡುವಿನ ಮೇಜಿನ ಮೇಲೆ ಇಟ್ಟರು. ಹುಡುಗಿಯ ಕಡೆಯ ಮಾತುಗಾತಿ ನಾನು. ಮನೆಯೊಳಗೆ ಪರದೆಯ ಹಿಂದೆ ಸೆಫಾಕೊ. ಅತ್ತೆ ಎದ್ದು, ನಿಮ್ಮ ಅಂಗಳದಲ್ಲಿ ಒಂದು ಹೂವು ಕಂಡೆವು ಎಂದು ಶುರುಮಾಡುವಷ್ಟರಲ್ಲಿ ಕಾರು ಬಂತು. ನಾನಾ ಒಡುರೊ, ಕೊಡೆ ಹಿಡಿಯುವವನೊಬ್ಬ, ಬಂಧುಗಳು ನಾಲ್ಕಾರು ಜನ. ಒಡುರೊ ಉಟ್ಟಿದ್ದ ಬಟ್ಟೆ ಕ್ವಾಮಿಯ ಮಗ್ಗದ್ದು, ನಾನೇ ಕುಮಾಸಿಯ ವ್ಯಾಪಾರಿಯೊಬ್ಬನಿಗೆ ಅಪ್ಪಟ ಅಶಾಂಟಿ ಎಂದು ಮಾರಿದ್ದು. ಆ ವ್ಯಾಪಾರಿ ಇನ್ನೂ ನನ್ನ ಗಿರಾಕಿ, ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡೆ.

“ಆ ಕುರ್ಚಿ ನಂದು,” ಎಂದ ಒಡುರೊ.

“ನಾನು ಕೂತಿದ್ದೀನಿ, ಕಾಣ್ಸಲ್ವಾ?” ಎಂದ ತೊಗ್ಬೆ.

“ಇವನು ನಮ್ಮ ಮಾವನ ಮಗ. ನನ್ನ ಬಾಟ್ಲಿ ಕುಡಿದಿದ್ದಾನೆ.”

“ನಂದು ಮೊದಲು ಕುಡಿದಿದ್ದಾನೆ.”

ಎಲ್ಲರೂ ಕ್ವಾಮಿಯತ್ತ ತಿರುಗಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವನು ಎರಡಕ್ಕೂ ತಲೆಯಾಡಿಸಿದ. ಅದು ನಿಜವೇ ತಾನೆ.

“ನಿಮ್ಮ ಅಭ್ಯಾಸ ಇದೇ,” ಎಂದ ತೊಗ್ಬೆ. “ನದಿ ದಾಟಿ ಬಂದು ಬಟ್ಟೆ ನಮ್ದು ಅಂದ್ರಿ. ಈಗ ಕುರ್ಚಿನೂ ನಿಮ್ದಾ?”

“ಬಟ್ಟೆ ನಿಮ್ದಾಗಿದ್ರೆ ನಿಮ್ಮಲ್ಲೂ ದೊರೆ ಉಡ್ತಿದ್ದ. ನಮ್ಮಲ್ಲಿ ಕೆಂಟೆ ಉಡೋಕೆ ಒಂದು ಯೋಗ್ಯತೆ ಇದೆ. ನಿಮ್ಮ ಕಡೆ ಮೀನು ಮಾರೋಳೂ ಉಡ್ತಾಳೆ.”

ಕೆಟಾದ ಅತ್ತೆ ಉಟ್ಟಿದ್ದೂ ಕೆಂಟೆಯೇ, ಹೊಚ್ಚ ಹೊಸದು. ಅವಳು ನಿಧಾನಕ್ಕೆ ಒಡುರೊ ಕಡೆ ತಿರುಗಿದಳು. 

“ಹೌದಪ್ಪ, ನಾನು ಮೀನು ಮಾರೋಳೇ. ಮೀನು ಮಾರಿ ನಾಲ್ಕು ಮಕ್ಕಳನ್ನ ಓದಿಸಿದ್ದೀನಿ, ಈ ಬಟ್ಟೆನೂ ಕೊಂಡಿದ್ದೀನಿ, ಯಾವ ದೊರೆನೂ ಅಪ್ಪಣೆ ಕೇಳಿಲ್ಲ.” ಆಮೇಲೆ ತನ್ನ ಕಡೆಯ ಹುಡುಗರಿಗೆ, “ಎತ್ರೋ ಬಾಟ್ಲಿಗಳನ್ನ. ಬಾಗಿಲು ಯಾವುದು ಅಂತ ಇವರಿಗೇ ಗೊತ್ತಿಲ್ಲ, ನಾವೆಲ್ಲಿ ತಟ್ಟೋಣ?”

ಮೇಷ್ಟರು ಹುಡುಗ ಎದ್ದು ನಿಂತು, “ಅತ್ತೆ, ಅತ್ತೆ,” ಎಂದ. ಅವನನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ನಾನು ಏನೇನೋ ಹೇಳಿದೆ, ಬಿಸಿಲು ಜಾಸ್ತಿ ಎಂದೆ, ನೀರು ಕುಡಿಯಿರಿ ಎಂದೆ, ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು. ಪರದೆಯ ಹಿಂದಿನಿಂದ ಯಾರೋ ಮೂಗು ಸೇದಿಕೊಂಡ ಸದ್ದು ಬಂತು. ಹುಡುಗರು ಬಾಟಲಿಗಳನ್ನು ಬುಟ್ಟಿಗೆ ಹಾಕತೊಡಗಿದರು. ಇಬ್ಬರು ಹಿರಿಯರಿಗೆ ಅದು ಕಾಣಲೂ ಇಲ್ಲ. ಚಿತ್ರದವರು ಯಾವ ಊರಿಗೆ ಬರಬೇಕು ಎಂಬಲ್ಲಿಗೆ ಅವರ ಜಗಳ ಹೋಗಿ ನಿಂತಿತ್ತು.

ಆಗ ಕ್ವಾಮಿ ಹಿಂದಿನ ಸಾಲಿನಿಂದ ಎದ್ದು ನಡುವೆ ಬಂದ. “ಇಲ್ಲ,” ಎಂದ.

ಅವನ ಬಾಯಲ್ಲಿ ಆ ಮಾತನ್ನು ನಾನು ಅದಕ್ಕೆ ಮೊದಲು ಕೇಳಿದವಳಲ್ಲ. ಊರಿನವರೂ ಕೇಳಿರಲಿಕ್ಕಿಲ್ಲ.

“ತೊಗ್ಬೆ, ಏಳಿ. ಭಾವ, ನೀವೂ ಅಲ್ಲಿ ಕೂರ್ಬೇಡಿ. ಇಬ್ಬರಿಗೂ ಆ ಬೆಂಚಲ್ಲಿ ಜಾಗ ಇದೆ.” ತೋರಿಸಿದ್ದು ನೆಂಟರ ಬೆಂಚನ್ನು.

ತೊಗ್ಬೆ ಏಳುತ್ತಿದ್ದನೋ ಇಲ್ಲವೋ, ಆಶ್ಚರ್ಯಕ್ಕೇ ಎದ್ದ. ಕ್ವಾಮಿ ಹೋಗಿ ಕುರ್ಚಿಯಲ್ಲಿ ಕೂತ. ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡ.

“ಯಾವ ಕುಲದ ಹಿರಿಯ ಅಂತ ಕೂತಿದ್ದೀಯ?” ಎಂದ ತೊಗ್ಬೆ.

“ಈ ಮನೆಯವನು ಅಂತ.”

“ಈ ಮನೆಗೆ ಕುಲ ಎಲ್ಲಿದೆ?”

“ಇಷ್ಟು ದಿನ ಇರಲಿಲ್ಲ, ತೊಗ್ಬೆ. ನನ್ನಿಂದ ಶುರುವಾಗ್ಲಿ.”

“ಚಿತ್ರದೋರಿಗೆ ನಾನೇನ್ ಹೇಳ್ಲಿ?” ಎಂದ ಒಡುರೊ.

“ನನ್ನ ಮನೆಗೆ ಬರ್ಲಿ, ಭಾವ. ಅಪ್ಪನೂರು ಇದೆ, ತಾಯಿ ಊರು ಇದೆ, ಎರಡನ್ನೂ ಹೇಳ್ತೀನಿ. ನಿಮ್ಮಿಬ್ಬರ ಬಾಟ್ಲಿ ಕುಡಿದಿದ್ದೀನಿ, ಬಂಧುತ್ವಕ್ಕೆ ಇಲ್ಲ ಅನ್ನಲ್ಲ. ಆದ್ರೆ ಮಗಳನ್ನ ಕೊಡೋನು ನಾನು.”

ಇಬ್ಬರು ಹಿರಿಯರೂ ಹೊರಟುಹೋಗುತ್ತಾರೆ ಎಂದುಕೊಂಡೆ. ಮೊದಲು ಹೊರಟವನು ಸೋತ ಹಾಗೆ ಎಂದು ಇಬ್ಬರಿಗೂ ಹೊಳೆದಿರಬೇಕು, ಅಕ್ಕಪಕ್ಕದಲ್ಲಿ ಒಂದೇ ಬೆಂಚಿನ ಮೇಲೆ ಕೂತರು.

ಕೆಟಾದ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕ್ವಾಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಪ್ಪನೇ ಹಿರಿಯ ಆಗೋದನ್ನ ನಾನು ಎಲ್ಲೂ ಕಂಡಿಲ್ಲ,” ಎಂದಳು. ಆಮೇಲೆ ಬೆಂಚಿನ ಮೇಲಿದ್ದ ಇಬ್ಬರನ್ನು ನೋಡಿದಳು. “ಆದ್ರೆ ಈ ಇಬ್ಬರಿಗಿಂತ ವಾಸಿ. ಇಡ್ರೋ ಬಾಟ್ಲಿಗಳನ್ನ ಮೇಜಿನ ಮೇಲೆ.”

ಮೊದಲು ಪಿತೃಗಳಿಗೆ ಎರೆಯಬೇಕು. ಬೇರೆ ಹಿರಿಯರು ಎರೆಯುವಾಗ ಹೆಸರುಗಳು ಸಾಲುಗಟ್ಟಿ ಬರುತ್ತವೆ, ಯುದ್ಧ ಗೆದ್ದವರು, ಊರು ಕಟ್ಟಿದವರು, ಕೇಳುವವರ ಕಾಲು ಜೋಮು ಹಿಡಿಯುತ್ತದೆ. ಕ್ವಾಮಿ ಎದ್ದು ನೆಲಕ್ಕೆ ಹನಿ ಬಿಟ್ಟು ಅಬ್ರಾ ಎಂದ. ಹೆಂಗಸಿನ ಹೆಸರಿನಿಂದ ಶುರುಮಾಡಿದ್ದಕ್ಕೆ ಯಾರೋ ಕೆಮ್ಮಿದರು. ಆಮೇಲೆ ಅಪ್ಪನ ಹೆಸರು, ಅಗ್ಬೆಕೊ ಮಾವನ ಹೆಸರು. ಅಲ್ಲಿಗೆ ಮುಗಿಯಿತು. ಬಾಟಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತ, ಇನ್ನೂ ಯಾರಾದರೂ ಇದ್ದಾರೇನೋ ಎಂದು ನೆನಪಿಸಿಕೊಳ್ಳುವವನಂತೆ. ಯಾರೂ ನಗಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ, ಅದರಲ್ಲಿ ಮುಚ್ಚಿಡುವುದೇನಿದೆ.

ಸೆಫಾಕೊಳನ್ನು ಕರೆತಂದರು. ಈ ಬಾಟಲಿಯನ್ನು ತೆಗೆದುಕೊಳ್ಳಲೇ ಎಂದು ಹುಡುಗಿಯನ್ನು ಮೂರು ಸಲ ಕೇಳುವುದು ಪದ್ಧತಿ, ಕೇಳಬೇಕಾದವಳು ನಾನು. ಬಾಯಿ ತೆರೆಯುವಷ್ಟರಲ್ಲಿ ಕ್ವಾಮಿಯೇ ಕೇಳಿದ. ಮೊದಲೆರಡು ಸಲವೂ ಅವಳು ತಲೆ ತಗ್ಗಿಸಿಕೊಂಡು ಹೂಂ ಎಂದಳು. ಮೂರನೆಯ ಸಲ ಅವನು ತಡೆದ.

“ಯೋಚನೆ ಮಾಡಿ ಹೇಳಮ್ಮ. ನಾಳೆ ಏನಾದ್ರೂ ಆದ್ರೆ ಇದನ್ನ ವಾಪಸ್ ಕೊಡೋಕೆ ನಿನ್ನ ಹಿಂದೆ ದೊಡ್ಡ ಮನೆತನ ಇಲ್ಲ. ನಾನೊಬ್ಬನೇ. ತಗೊಳ್ಳಲಾ?”

ಸೆಫಾಕೊ ತಲೆಯೆತ್ತಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿದಳು, ಕುರ್ಚಿಯಲ್ಲಿದ್ದ ಅಪ್ಪನನ್ನು ನೋಡಿದಳು.

“ತಗೋ ಅಪ್ಪ,” ಎಂದಳು. “ನಮ್ಮ ಮನೆಯವರು ಇಷ್ಟೇ ಜನ. ಎಲ್ಲರೂ ಬಂದಿದ್ದಾರೆ.”